ಸಾವಂತ್ರಿಗೆ ತೋರಿಸದ ಮರ

ನನ್ನ ತಂಗಿ ಸಾವಂತ್ರಿಗೆ ಸವಣೂರಿನ ದೊಡ್ಡ ಮರ ತೋರಿಸುವ ಕೆಲಸವನ್ನು ಅಪ್ಪ ನನಗೆ ಹೇಳಿದ್ದ. ನಾನು ತೋರಿಸಲಿಲ್ಲ. ಆಗಿನ ದಿನಗಳಲ್ಲಿ ನಮ್ಮ ಹಂಸಭಾವಿಯಿಂದ ಸವಣೂರಿಗೆ ಹೋಗುವುದೆಂದರೆ ಚಕ್ಕಡಿ ಹೂಡಿ, ಬುತ್ತಿ ಕಟ್ಟಿಕೊಂಡು, ದಾರಿಯಲ್ಲಿ ವಸ್ತಿ ಮಾಡಿ ಹೋಗುವುದು. ಹಾಗೆ ಹೋಗಿ ಬಂದ ನನ್ನ ವಾರಿಗೆಯವರಿಗೆ ಕೀಲೆಣ್ಣೆಯ ಕಮಟು, ರೊಟ್ಟಿಗೆ ಹಚ್ಚಿದ ಶೇಂಗಾ ಹಿಂಡಿಯ ರುಚಿ ಇನ್ನೂ ನೆನಪಿರಬಹುದು. ನನಗೆ ನೆನಪಿರುವುದು ಬೇರೆ. ನಾನು ಕಲಿತದ್ದು ಎರಡನೇ ಇಯತ್ತೆ, ಬರೆಯುವ ರೂಢಿಯಿಲ್ಲ. ಆದರೂ ಬರೆಯುತ್ತೇನೆ.

ಆ ಬೇಸಿಗೆ ಸಾವಂತ್ರಿಯ ಮೈಮೇಲೆ ಸಿಡುಬಿನ ಅಮ್ಮ ಬಂದಿದ್ದಳು. ಅಮ್ಮ ಮನೆಯಲ್ಲಿರುವಾಗ ಔಷಧ ಹಾಕಿದರೆ ಮುನಿಯುತ್ತಾಳೆಂದು ಅವ್ವ ಬಾಗಿಲಿಗೆ ಬೇವು ಕಟ್ಟಿ ಯಾರನ್ನೂ ಒಳಗೆ ಬಿಡಲಿಲ್ಲ. ಗುಳ್ಳೆ ಒಣಗಿ ಅಮ್ಮನನ್ನು ಕಳಿಸಿಕೊಟ್ಟ ಮೇಲೆ ನೋಡಿದರೆ ತಂಗಿಯ ಎರಡೂ ಕಣ್ಣಲ್ಲಿ ಹೂ ಬಿದ್ದಿತ್ತು. ಅವ್ವನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಮನೆಯ ಗೋಡೆ ಕಾಣುತ್ತಿತ್ತು. ದೊಡ್ಡವು ಮಾತ್ರ, ಅವೂ ಮಸುಕಾಗಿ. ದಿನ ಹೋದಂತೆ ಅದೂ ಕಡಿಮೆಯಾಗುತ್ತಿತ್ತು. ಸವಣೂರಿನಲ್ಲಿ ಹಕೀಮರೊಬ್ಬರು ಔಷಧ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿ ವಾಸಿ ಮಾಡುತ್ತಾರೆಂದು ಯಾರೋ ಹೇಳಿದರು.

"ಕಣ್ಣು ಕಟ್ಟಿದ ಮ್ಯಾಲ ಏನಾಗತೈತೋ ಯಾರಿಗ್ಗೊತ್ತು. ಸಣ್ಣವಂತೂ ಹ್ವಾದುವು, ದೊಡ್ಡವನ್ನರ ನೋಡ್ಕೊಳ್ಳಲಿ," ಎಂದು ಅಪ್ಪ ಅವ್ವನಿಗೆ ಹೇಳುವುದನ್ನು ನಾನು ಕೇಳಿಸಿಕೊಂಡಿದ್ದೆ. ಅದಕ್ಕೇ ಅವನು ದಾರಿಯುದ್ದಕ್ಕೂ ದೊಡ್ಡದು ಕಂಡಲ್ಲಿ ಚಕ್ಕಡಿ ನಿಲ್ಲಿಸಿದ. ಅಕ್ಕಿಆಲೂರು ದಾಟಿ ಹಾನಗಲ್ಲಿಗೆ ಬಂದಾಗ ಆನೆಕೆರೆಯ ಏರಿಯ ಮೇಲೆ ಅವಳನ್ನು ಹೆಗಲಿಗೇರಿಸಿಕೊಂಡು ನಿಂತ.

"ಏನ್ ಕಾಣತೈತವ್ವಾ?"

"ಬೆಳ್ಳಗ ಧೋತರ ಒಣಗಹಾಕ್ಯಾರ. ನಿಂದಕ್ಕಿಂತ ದೊಡ್ಡದೈತಿ."

ಅಪ್ಪ ನಕ್ಕ. ನಕ್ಕವನು ಎತ್ತಿನ ಕಡೆ ಮುಖ ತಿರುಗಿಸಿಕೊಂಡ.

ಬಂಕಾಪುರದ ಕೋಟೆಗೋಡೆಯನ್ನು ಅವಳು ಮೋಡ ಎಂದಳು. "ಸವಣೂರ ಮರ ಇದಕ್ಕಿಂತ ದೊಡ್ಡದನು?" ಎಂದು ದಾರಿಯುದ್ದಕ್ಕೂ ನನ್ನ ಲಂಗ ಜಗ್ಗಿ ಕೇಳುತ್ತಲೇ ಇದ್ದಳು.

ಸವಣೂರಿನಲ್ಲಿ ಹಕೀಮರ ಮನೆಯ ಕಟ್ಟೆಯ ತುಂಬ ಮಂದಿ. ಅಪ್ಪ ಹೇಳಿದ: "ನೀಲವ್ವಾ, ನಮ್ಮ ಪಾಳಿ ಬರೂದ್ರಾಗ ಈಕಿಗೆ ಮರ ತೋರಿಸ್ಕೊಂಡು ಬಾ. ಕೈ ಬಿಡಬ್ಯಾಡ. ಎದುರಿಗೆ ನಿಲ್ಲಸು, ಕಣ್ಣು ತುಂಬ ನೋಡ್ಲಿ."

ಮರ ಹಕೀಮರ ಮನೆಯ ಹಿಂದೆಯೇ ಇತ್ತು. ಅದನ್ನು ಹುಣಸೆ ಎನ್ನುತ್ತಾರೆ, ಹುಣಸೆಯಂತಿಲ್ಲ. ನಮ್ಮ ಮನೆಯನ್ನೇ ಬುಡದೊಳಗೆ ಇಡಬಹುದು, ಅಷ್ಟು ದಪ್ಪ. ತೊಗಟೆ ಎಮ್ಮೆಯ ಮೈಯಂತೆ ಬೂದಿಬಣ್ಣ. ಸುತ್ತ ಊರ ಮಕ್ಕಳು ಕೈ ಕೈ ಹಿಡಿದು ಮರಕ್ಕೆ ತೆಕ್ಕೆ ಹಾಕಿದ್ದರು. ಕೊನೆಯ ಇಬ್ಬರ ಕೈ ಕೂಡುತ್ತಿರಲಿಲ್ಲ.

"ಏ ಹುಡುಗೀ, ಬಾ ಇಲ್ಲೆ! ನೀ ಬಂದ್ರ ತೆಕ್ಕಿ ಮುಗೀತೈತಿ!" ಎಂದು ಒಬ್ಬ ನನ್ನನ್ನು ಕರೆದ.

"ಬ್ಯಾಡ ಬಿಡಲೇ, ಆಕಿವು ಮೋಟ ಕೈ," ಎಂದ ಇನ್ನೊಬ್ಬ.

ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಸಾವಂತ್ರಿಯನ್ನು ಅಲ್ಲೇ ಒಂದು ಕಲ್ಲಿನ ಮೇಲೆ ಕೂರಿಸಿ, "ಈಗ ಬಂದೆ ತಡಿ" ಎಂದು ಓಡಿದೆ. ಅವಳ ಮುಖ ಯಾವ ಕಡೆಗಿದೆ ಎಂದು ನೋಡಲಿಲ್ಲ.

ತೊಗಟೆಗೆ ಕೆನ್ನೆ ಒತ್ತಿ ಕೈ ಚಾಚಿದೆ. ತೆಕ್ಕೆ ಮುಗಿಯಿತು, ಎಲ್ಲರೂ ಹೋ ಎಂದು ಕೂಗಿದೆವು. ಬಿಟ್ಟು ಮತ್ತೆ ಹಿಡಿದೆವು. ಎಷ್ಟು ಹೊತ್ತಾಯಿತೋ, "ನೀಲವ್ವಾ, ಪಾಳಿ ಬಂತು!" ಎಂಬ ಅಪ್ಪನ ಕೂಗು ಕೇಳಿ ತಂಗಿಯ ಹತ್ತಿರ ಓಡಿ ಬಂದೆ.

ಅವಳು ಮರಕ್ಕೆ ಬೆನ್ನು ಮಾಡಿ ಕೂತಿದ್ದಳು. ಎದುರಿಗೆ ಯಾರದೋ ಹಿತ್ತಲಿನ ಮೇವಿನ ಬಣವೆ.

"ಅಕ್ಕಾ, ನೋಡಿದೆ! ಎಷ್ಟ ದೊಡ್ಡದೈತಿ! ಮರ ಹಳದಿ ಇರತಾವನು?"

ತಿರುಗಿಸಿ ಕೂರಿಸಿದ್ದರೆ ಸಾಕಿತ್ತು. ಆದರೆ ಹಾಗೆ ಮಾಡಿದರೆ ನಾನು ಕೈ ಬಿಟ್ಟು ಹೋದದ್ದು ಅಪ್ಪನಿಗೆ ತಿಳಿಯುತ್ತಿತ್ತು. ಅವಳ ಬಾಯಲ್ಲಿ ಏನೂ ನಿಲ್ಲುತ್ತಿರಲಿಲ್ಲ.

"ಹೂಂ, ಇರತಾವ. ಏಳು, ಅಪ್ಪ ಕರಿಯಾಕತ್ತಾನ."

ಆ ಸಂಜೆ ಹಕೀಮರು ಕಣ್ಣು ಕಟ್ಟಿದರು. ಬಟ್ಟೆ ಬಿಚ್ಚಿದ ದಿನ ಅಪ್ಪ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿ, "ಏನ್ ಕಾಣತೈತವ್ವಾ?" ಎಂದ.

"ಇನ್ನೂ ಬಿಚ್ಚಿಲ್ಲಲ್ಲಪ್ಪಾ," ಎಂದಳು.

ನನ್ನ ತಂಗಿ ಅಷ್ಟು ದೂರ ಹೋಗಿ ಕೊನೆಯದಾಗಿ ಕಂಡದ್ದು ಆ ಬಣವೆ. ದೊಡ್ಡವಳಾದ ಮೇಲೆ ಓಣಿಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸವಣೂರಿನ ಹಳದಿ ಮರದ ಕತೆ ಹೇಳುತ್ತಿದ್ದಳು. "ಚಿಗವ್ವಾ, ನೀ ಬಣವಿ ನೋಡಿ ಬಂದಿರಬೇಕ್ ನೋಡ," ಎಂದು ಅವರು ನಕ್ಕರೆ, "ನಮ್ಮಕ್ಕನ್ನ ಕೇಳ್ರಿ, ಆಕಿ ಅಲ್ಲೇ ಇದ್ಲು," ಎನ್ನುವಳು. ಕೇಳಿದಾಗಲೆಲ್ಲ ನಾನು ಹೌದೆಂದೆ. ಸವಣೂರಿಗೆ ಬಸ್ಸು ಬಂತು. ಮುಂಜಾನೆ ಹೊರಟರೆ ಸಂಜೆಗೆ ಮನೆಯಲ್ಲಿರಬಹುದು. ಕರೆದುಕೊಂಡು ಹೋಗಿ ಮರವನ್ನು ಮುಟ್ಟಿಸಬಹುದಿತ್ತು. ಮುಟ್ಟಿದರೆ ಗೊತ್ತಾಗುತ್ತದೆಂದು ಅದನ್ನೂ ಮಾಡಲಿಲ್ಲ. ಅಪ್ಪ ಹೋದ, ಅವ್ವ ಹೋದಳು, ಚಕ್ಕಡಿಯ ದಾರಿಯೂ ಹೋಯಿತು. ಅದಕ್ಕೆಲ್ಲ ಅತ್ತು ಮುಗಿದಿದೆ. ಅವಳ ಕಣ್ಣಿಗೆ ಉಳಿದಿದ್ದ ಆ ಒಂದು ಗಳಿಗೆಯನ್ನು ಮಾತ್ರ ನಾನೇ ಕಳೆದೆ.

ಹೋದ ವರ್ಷ ಸಾವಂತ್ರಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ, ನನ್ನ ಮೊಮ್ಮಗಳು ಮರ ನಿಜವಾಗಿ ಹಳದಿಯಿತ್ತೇ ಎಂದು ಕೇಳಿದಳು. ಸಾವಂತ್ರಿ ಎಂದಿನಂತೆ ನನ್ನ ಕಡೆ ಕೈ ತೋರಿಸಿದಳು. ಅಂದು ಹೌದೆನ್ನಲು ಬಾಯಿ ಬರಲಿಲ್ಲ. ಎಲ್ಲ ಹೇಳಿದೆ.

ಅವಳು ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿದಳು. ಆಮೇಲೆ, "ಹಂಗಾರ ಮರ ಎಲ್ಲಿತ್ತು?" ಎಂದಳು.

"ನಿನ್ನ ಬೆನ್ನ ಹಿಂದ."

ಅವಳು ಮಲಗಿದಲ್ಲೇ ಹೊರಳಲು ನೋಡಿದಳು. ಆಗಲಿಲ್ಲ.

"ತಪ್ಪಾತು ನಂದು, ಸಾವಂತ್ರೀ," ಎಂದೆ. "ನಿನ್ನ ತಿರುಗಸಬೇಕಾಗಿತ್ತು. ನಾ ತಿರುಗಸಲಿಲ್ಲ."