ಸುಮ್ಮನೆ ಕೂಡುವ ಮಾಸ್ತರರು

ಧಾರವಾಡದ ಸಪ್ತಾಪುರದಲ್ಲಿದ್ದ ನಮ್ಮ ಮಾಸ್ತರರು ಕಾಲೇಜಿನಲ್ಲಿ ಕಲಿಸಿದ್ದು ಭೌತಶಾಸ್ತ್ರ. ಮನೆಗೆ ಹೋದರೆ ಮಾತ್ರ ಜೇಡದ ಬಲೆ, ಅಮ್ಮಿನಬಾವಿಯ ಕರಿಮಣ್ಣು, ಹಳಗನ್ನಡ ವ್ಯಾಕರಣ, ಯಾವುದರ ಪಾಠವಾದರೂ ಆಗಬಹುದಿತ್ತು. ಕುಲಪತಿಗಳಿರಲಿ, ಕಸ ಗುಡಿಸುವವಳಿರಲಿ, ಎಲ್ಲರಿಗೂ 'ರೀ' ಹಚ್ಚಿಯೇ ಮಾತು. ಏನೇ ಕೇಳಿದರೂ ಕನ್ನಡಕ ತೆಗೆದು, "ಗೊತ್ತಿಲ್ರಿ, ನೋಡೂಣು" ಎನ್ನುತ್ತಿದ್ದರು.

ಅವರು ಯುದ್ಧವನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಅವರ ಪ್ರಾರ್ಥನೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಎಲ್ಲರೂ ಸುಮ್ಮನೆ ಕೂಡುವುದಷ್ಟೇ. ಯುದ್ಧಕ್ಕೆ ಒದಗುವ ಕೆಲಸ ಒಲ್ಲೆನೆಂದು ತರುಣರಿದ್ದಾಗ ದೊಡ್ಡ ಹುದ್ದೆಯೊಂದನ್ನು ಬಿಟ್ಟು ಬಂದಿದ್ದರು.

ಕ್ಷಿಪಣಿ ತಯಾರಿಸುವ ಪ್ರಯೋಗಾಲಯದಲ್ಲಿ ನನಗೆ ನೌಕರಿ ಸಿಕ್ಕಾಗ ನೇರ ಅವರ ಬಳಿಗೆ ಓಡಿದೆ.

"ಏನ್ ಮಾಡ್ಲಿ ಸರ್, ಹೋಗ್ಲೋ ಬ್ಯಾಡೋ?"

"ಗೊತ್ತಿಲ್ರಿ. ಕೂಡೂಣು ಬರ್ರಿ."

ಕೂತೆವು. ಚಹಾ ಆರಿತು. ಅವರು ಕಣ್ಣು ಮುಚ್ಚಿದ್ದರು. ನನಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ. ಏಳುವಾಗ ತಮ್ಮ ಪಂಥದ ಪದ್ಧತಿಯಂತೆ ನನ್ನ ಕೈ ಕುಲುಕಿದರು.

ಆ ನೌಕರಿಗೆ ನಾನು ಹೋಗಲಿಲ್ಲ. ಮನೆಯಲ್ಲಿ ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟರು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಲಿಸುವ ಕೆಲಸ ಹಿಡಿದೆ. ಮೆಚ್ಚಿಕೊಂಡಾರೆಂದು ಮಾಸ್ತರರಿಗೆ ಹೋಗಿ ಹೇಳಿದೆ.

ಅವರು ಗಾಬರಿಯಾದರು. "ನನ್ನ ಸಲುವಾಗಿ ಬಿಟ್ರೇನು?"

"ಇಲ್ರಿ ಸರ್," ಅಂದೆ.

"ಹೋಗಿದ್ರೂ ನೀವು ನಮ್ಮವ್ರ ಇರ್ತಿದ್ರಿ," ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಅಂದು ನಾನು 'ಇಲ್ರಿ' ಅಂದದ್ದು ಖರೆಯೋ ಸುಳ್ಳೋ ನನಗಿನ್ನೂ ಬಗೆಹರಿದಿಲ್ಲ.