ನೀರಿನ ನಡುವೆ ಹಾಕಿದ ಗುರುತು

ಗೆಳೆಯರೇ, ಇವತ್ತು ನನ್ನ ತರಗತಿಯಲ್ಲಿ ನಾನೇ ತಲೆ ತಗ್ಗಿಸಿದೆ. ಬಾಗಲಕೋಟೆಯ ನಮ್ಮ ಬಿ.ಎಡ್. ಕಾಲೇಜಿನಲ್ಲಿ, ಕಂಪ್ಯೂಟರಿನ ಉಪಗ್ರಹ ನಕ್ಷೆ ತೋರಿಸಿ ಪಾಠ ಮಾಡುವುದನ್ನು ಭಾವಿ ಶಿಕ್ಷಕರಿಗೆ ಕಲಿಸುತ್ತಿದ್ದೆ. "ನಿಮ್ಮ ನಿಮ್ಮ ಮನಿ ಹುಡುಕಿ ಗುರುತು ಹಾಕ್ರಿ" ಎಂದೆ. ಶಾಂತಾ ಎಂಬ ವಿದ್ಯಾರ್ಥಿನಿ ಅಣೆಕಟ್ಟಿನ ಹಿನ್ನೀರಿನ ನಟ್ಟನಡುವೆ ಗುರುತು ಹಾಕಿದ್ದಳು.

"ಏನವಾ, ನೀರಾಗ ಮನಿ ಕಟ್ಟೀಯೇನು? ಮೊದಲು ಮೌಸ್ ಹಿಡಿಯೋದು ಕಲಿ" ಎಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು.

ಅವಳು ನಗಲಿಲ್ಲ. "ಖರೇನ ಅಲ್ಲೇ ಇತ್ರಿ ಸರ್. ನಾ ಸಣ್ಣಾಕಿದ್ದಾಗ, ಸಾಲಿಗಿ ಹೋಗೂ ಮುಂದ ಮುಳುಗೇತ್ರಿ. ಈಗಿರೋದು ಬಾಡಿಗಿ ಮನಿ. ನೀವು 'ನಿಮ್ಮ ಮನಿ' ಅಂದ್ರಲ್ರಿ, ಅದಕ್ಕ ಅಲ್ಲಿ ಹಾಕಿದೆ."

ನಗು ನಿಂತಿತು. "ತಪ್ಪಾತವಾ" ಎಂದು ಎಲ್ಲರೆದುರೇ ಹೇಳಿದೆ.

"ಇರ್ಲಿ ಬಿಡ್ರಿ ಸರ್, ನೀವು ಈ ಊರಿಗೆ ಈಗ ಬಂದವರು" ಎಂದು ಅವಳೇ ಸಮಾಧಾನ ಹೇಳಿದಳು. ಗೆಳೆಯರೇ, ನಾನು ಒಂಬತ್ತು ವರ್ಷದಿಂದ ಇದೇ ಊರಿನಲ್ಲಿ ಭೂಗೋಳ ಕಲಿಸುತ್ತಿದ್ದೇನೆ.