ಮೂಗಿಗೆ ಸಿಕ್ಕ ಅಮೀನ್

ಹೂವಿನಹಡಗಲಿಯ ನಮ್ಮ ಮನೆಯಲ್ಲಿ ಮೂಗಿಗೆ ಬಹಳ ಮರ್ಯಾದೆ. ಮಲ್ಲಿಗೆ ಬುಟ್ಟಿಯಲ್ಲಿ ನಿನ್ನೆಯ ಹೂ ಒಂದು ಹಿಡಿ ಬೆರೆತಿದ್ದರೂ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದೆ. ಅದೇ ಜಂಬದಲ್ಲಿ ಹಗರಿಬೊಮ್ಮನಹಳ್ಳಿಗೆ ಬಂದು ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದೆ.

ಪ್ರಾಜೆಕ್ಟಿಗೆ ನನ್ನ ಪಾಲಿಗೆ ಬಂದದ್ದು ಆಕ್ಸೈಮ್ ಎಂಬ ಬಿಳಿ ಪುಡಿಯನ್ನು ಅಮೀನ್ ಎಂಬ ಇನ್ನೊಂದು ವಸ್ತುವಾಗಿ ಮಾಡುವ ಕೆಲಸ. ಕಾಗದದ ಮೇಲೆ ಏನೂ ಅಲ್ಲ. ನೈಟ್ರೋಜನ್ನಿಗೆ ಅಂಟಿಕೊಂಡ ಆಕ್ಸಿಜನ್ನನ್ನು ಬಿಡಿಸಿ ಹೈಡ್ರೋಜನ್ ಕೂರಿಸಬೇಕು, ಅಷ್ಟೇ. ಕೈಗೆ ಮಾತ್ರ ಹತ್ತಲಿಲ್ಲ. ಪುಡಿ ಕರಗಿಸುವ ಆಲ್ಕೋಹಾಲಿನಲ್ಲಿ ನೀರಿನ ಪಸೆ ಉಳಿದು ಎರಡು ಸಲ ಕೆಟ್ಟಿತು. ಇನ್ನು ಸೀಸೆಯ ತಳದಲ್ಲಿದ್ದಷ್ಟೇ ಆಕ್ಸೈಮ್.

"ಇದೂ ಹೋತಂದ್ರ ಈ ವರ್ಷ ಹೋದಂಗ ನೋಡ್ರಿ," ಎಂದರು ನಮ್ಮ ಸರ್. "ಅಮೀನ್ ಬಂತಂದ್ರ ಯಾರೂ ಹೇಳೋದು ಬೇಕಿಲ್ಲ. ಮೀನಿನ ವಾಸ್ನಿ ಬರ್ತೈತಿ."

ತಲೆಯಾಡಿಸಿದೆ. ಆದರೆ ಮೀನಿನ ವಾಸನೆ ಹೇಗಿರುತ್ತದೆಂದೇ ನನಗೆ ಗೊತ್ತಿರಲಿಲ್ಲ! ನಮ್ಮ ಮನೆಯೊಳಗೆ ಮೀನು ಬಂದದ್ದಿಲ್ಲ. ಸಂತೆಯಲ್ಲಿ ಮೀನಿನವರು ಕಾಣುತ್ತಲೇ ಅವ್ವ ತನ್ನ ಸೆರಗನ್ನು ನನ್ನ ಮೂಗಿಗೆ ಒತ್ತಿಬಿಡುತ್ತಿದ್ದಳು. ಇದನ್ನೆಲ್ಲ ಸರ್ ಮುಂದೆ ಹೇಳುವುದಾದರೂ ಹೇಗೆ?

ಸೀಮೆಎಣ್ಣೆಯಲ್ಲಿ ಮುಳುಗಿದ್ದ ಸೋಡಿಯಂ ತೆಗೆದು ಕೊಯ್ದೆ. ಲೋಹವಾದರೂ ಬೆಣ್ಣೆಯಷ್ಟು ಮೆದು. ಕೊಯ್ದ ಕಡೆ ಬೆಳ್ಳಿಯ ಹೊಳಪು, ನೋಡನೋಡುತ್ತಲೇ ಮಂಕು. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತಿತ್ತು. ಕುದಿಯುವ ಆಲ್ಕೋಹಾಲಿನಲ್ಲಿ ಕರಗಿದ್ದ ಆಕ್ಸೈಮಿಗೆ ಚೂರು ಚೂರಾಗಿ ಹಾಕಿದೆ. ಭುಸುಭುಸು ಎಂದು ಗುಳ್ಳೆಯೆದ್ದು ಸೋಡಿಯಂ ಪೂರ್ತಿ ಕರಗಿತು. ಆಮೇಲೆ ನೀರು ಬೆರೆಸಿ ಭಟ್ಟಿಗಿಟ್ಟೆ.

ಇಳಿದು ಬಂದ ಹನಿಗಳ ಆವಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಂಡೆ. ಥೂ! ಕೊಳೆತ ನಾತ. ಮಲ್ಲಿಗೆಯ ಮೂಗು ತಡಮಾಡದೆ ತೀರ್ಪು ಕೊಟ್ಟಿತು: ಇದೂ ಕೆಟ್ಟಿದೆ. ಫ್ಲಾಸ್ಕ್ ಎತ್ತಿಕೊಂಡು ಸಿಂಕಿನ ಕಡೆ ನಡೆದೆ.

ಪಕ್ಕದ ಮೇಜಿನ ಗೆಳತಿ, ಹಗರಿಬೊಮ್ಮನಹಳ್ಳಿಯದೇ ಲಾರಿ ಮೆಕ್ಯಾನಿಕ್ಕರೊಬ್ಬರ ಮಗಳು, ತಲೆಯ ಮೇಲಿನ ದುಪಟ್ಟಾ ಜಾರಿದ್ದೂ ತಿಳಿಯದೆ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ಏ ಹುಚ್ಚಿ, ಚೆಲ್ಲಬ್ಯಾಡಲೇ! ಮೀನಿನ ವಾಸ್ನಿ ಇದು. ನಮ್ಮ ಅಬ್ಬಾ ಹೊಳಿ ಮೀನು ತಂದ ದಿನ ನಮ್ಮನಿ ತುಂಬಾ ಇದೇ ಇರ್ತೈತಿ."

"ಖರೇನಾ?"

"ಅಲ್ಲಾನಾಣೆ. ಅಮೀನ್ ಅಂತ ಹೆಸರಾಗೇ ಮೀನು ಐತಲ್ಲೇ!"

ನಾನು ಫ್ಲಾಸ್ಕ್ ಹಿಡಿದುಕೊಂಡೆ, ಹೈಡ್ರೋಕ್ಲೋರಿಕ್ ಆಮ್ಲವನ್ನು ಅವಳೇ ಹನಿಹನಿಯಾಗಿ ಬಿಟ್ಟಳು. ಕೋಣೆ ತುಂಬಿದ್ದ ನಾತಕ್ಕೆ ಮೂಲವಾದ ಫ್ಲಾಸ್ಕಿನಲ್ಲಿ ಈಗ ವಾಸನೆಯೇ ಇಲ್ಲ. ಮೂಗು ಹತ್ತಿರ ಒಯ್ದರೂ ಇಲ್ಲ. ಅಮೀನ್ ಎಲ್ಲಿಗೂ ಹೋಗಿರಲಿಲ್ಲ, ಆಮ್ಲದೊಂದಿಗೆ ಕೂಡಿಕೊಂಡು ಲವಣವಾಗಿತ್ತು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಮಾತು. ಆದರೂ ಕಣ್ಣೆದುರಿಗೇ ನಡೆದಾಗ ದೇವರ ಕೋಣೆಯಲ್ಲಿ ನಿಂತ ಹಾಗಾಯಿತು.

ಅದನ್ನು ಬಟ್ಟಲಿಗೆ ಸುರಿದು, ಕಾಯಿಸಿ ನೀರು ಆರಿಸುತ್ತ ಇಬ್ಬರೂ ಮೇಲೆ ಬಾಗಿ ಕೂತೆವು. ಅಂಚಿನಲ್ಲಿ ಮೊದಲ ಬಿಳಿ ಹರಳು ಕಟ್ಟಿತು. ನನ್ನ ವರ್ಷ ಉಳಿದಿತ್ತು.

ಗೆಳತಿ ಪ್ರಾರ್ಥನೆ ಮುಗಿಸುವವಳಂತೆ ಎರಡೂ ಅಂಗೈ ಬಿಡಿಸಿ, ಮುಖಕ್ಕೆ ಸವರಿಕೊಂಡು, ಮೆಲ್ಲಗೆ ಹೇಳಿದಳು: "ಆಮೀನ್."

ಸರ್ ಕೇಳಿದ್ದರೆ ಉಚ್ಚಾರ ತಿದ್ದುತ್ತಿದ್ದರೇನೋ. ನಾನು ಮಾತ್ರ ಅವಳು ಹೇಳಿದ ಹಾಗೆಯೇ ಹೇಳಿದೆ.